ತಮ್ಮನ ಮಗಳಿಗೆ, ಫ್ರಂಟ್ ಏರಿಯಲ್ ಕಲಿಯುವ ಮುಂಚೆ

ತೀರ್ಥಹಳ್ಳಿ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ನಾವೆಲ್ಲ ಇಲ್ಲಿ ಕ್ಷೇಮ. ಮಳೆ ಇನ್ನೂ ಬಿಟ್ಟಿಲ್ಲ. ತೋಟಕ್ಕೆ ಎರಡನೇ ಸಲ ಔಷಧಿ ಹೊಡೆಯುವುದು ಬಾಕಿ ಇದೆ. ನಿನ್ನ ಜಿಮ್ನಾಸ್ಟಿಕ್ಸ್ ಮೀಟ್‌ನದು ಅಂತ ಕಳಿಸಿದ ಸ್ಕೋರ್ ಶೀಟು, ವಿಡಿಯೋ ಎರಡೂ ನೋಡಿದೆ. ವಿಡಿಯೋವನ್ನಂತೂ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಫೋನಿನಲ್ಲಿ ಹೇಳಿದರೆ "ಹ್ಞೂ ದೊಡ್ಡಪ್ಪ" ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯಲು ಕೂತೆ.

"ಡಿ ಸ್ಕೋರ್ ಏರಿಸದೆ ಗೆಲ್ಲೋಕಾಗಲ್ಲ, ನನಗೆ ಈ ವರ್ಷವೇ ಬೀಮ್ ಮೇಲೆ ಫ್ರಂಟ್ ಏರಿಯಲ್ ಬೇಕು" ಅಂತ ಹಟ ಹಿಡಿದಿದ್ದೀಯಂತೆ. ಆ ಸಪೂರ ಹಲಗೆಯ ಮೇಲೆ ಕೈ ಊರದೆ ಮುಂದಕ್ಕೆ ಪಲ್ಟಿ ಹೊಡೆಯಬೇಕು ಅಂತ. ನಿನ್ನ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಅದೇ ಶೀಟನ್ನು ನನ್ನ ಜೊತೆ ಇನ್ನೊಂದು ಸಲ ನೋಡು. ಡಿ ಸ್ಕೋರ್ ಅಂದರೆ ರೂಟೀನು ಎಷ್ಟು ಕಷ್ಟದ್ದು ಅನ್ನುವುದಕ್ಕೆ, ಇ ಸ್ಕೋರ್ ಅಂದರೆ ಅದನ್ನು ಎಷ್ಟು ತಪ್ಪಿಲ್ಲದೆ ಮಾಡಿದೆ ಅನ್ನುವುದಕ್ಕೆ.

ಗೆದ್ದ ಹುಡುಗಿಗೆ ಡಿ 4.6, ಇ 5.6, ಒಟ್ಟು 10.2. ನಿನಗೆ ಡಿ 3.9, ಇ 5.8, ಒಟ್ಟು 9.7. ನಿನ್ನ ಕಣ್ಣು ಡಿಯಲ್ಲಿರುವ ಪಾಯಿಂಟ್ ಏಳರ ಮೇಲೇ ನಿಂತಿದೆ. ನಾನು ನೋಡಿದ್ದು ನಿನ್ನ ಇ ಸ್ಕೋರನ್ನು. ಹತ್ತರಿಂದ ಶುರುವಾಗಿ 5.8ಕ್ಕೆ ಇಳಿದಿದೆ ಅಂದರೆ 4.2 ಕಟ್ ಆಗಿದೆ. ಅದರಲ್ಲಿ ಬಿದ್ದಿದ್ದಕ್ಕೇ ಒಂದು ಪೂರ್ತಿ ಪಾಯಿಂಟು. ಬೀಳದೆ ಇದ್ದಿದ್ದರೆ ಇದೇ ರೂಟೀನಿಗೆ 10.7 ಬರುತ್ತಿತ್ತು. ಹೊಸದೇನೂ ಕಲಿಯದೆ ಗೆಲ್ಲುತ್ತಿದ್ದೆ, ಅಲ್ವಾ?

ಇನ್ನು ಫ್ರಂಟ್ ಏರಿಯಲ್ ಲೆಕ್ಕ. ಎ, ಬಿ, ಸಿ, ಡಿ ಅಂತ ಕಷ್ಟ ಏರುವ ದರ್ಜೆಯಲ್ಲಿ ಅದು ಡಿ ಎಲಿಮೆಂಟು (ಇದು ಡಿ ಸ್ಕೋರಿನ ಡಿ ಅಲ್ಲ), ಬೆಲೆ 0.4. ಈಗಿರುವ ಒಂದು ಬಿ ಎಲಿಮೆಂಟನ್ನು ತೆಗೆದು ಅದನ್ನು ಹಾಕುತ್ತೀಯ. ಬಿಗೆ 0.2 ಇದೆಯಲ್ಲ, ಅಲ್ಲಿಗೆ ಸಿಕ್ಕ ಲಾಭ ಬರೀ 0.2. ಕೊನೆಗೆ ಬೀಮಿನಿಂದ ಕೆಳಕ್ಕೆ ಹಾರುವ ಡಿಸ್‌ಮೌಂಟ್ ಆದ ಮೇಲೆ ನೀನು ಹಾಕಿದ ದೊಡ್ಡ ಹೆಜ್ಜೆಗೇ 0.3 ಹೋಗಿದೆ. ಏರಿಯಲ್‌ನಲ್ಲಿ ಪಾದ ಮೊದಲು ಬೀಮ್‌ಗೆ ತಾಗದೆ ಬಿದ್ದರಂತೂ ಆ 0.4 ಕೂಡ ಸಿಗುವುದಿಲ್ಲ, ಮೇಲಿಂದ ಒಂದು ಪಾಯಿಂಟು ಕಟ್.

ವಿಡಿಯೋದಲ್ಲಿ ಒಂದು ವಿಷಯ ನನಗೆ ಬಹಳ ಚುಚ್ಚಿತು. ಬಿದ್ದ ಮೇಲೆ ಮತ್ತೆ ಹತ್ತಲು ಹತ್ತು ಸೆಕೆಂಡ್ ಟೈಮ್ ಇರುತ್ತದೆ. ನೀನು ಮೂರಕ್ಕೇ ಹತ್ತಿಬಿಟ್ಟೆ. ಚಾಕ್ ಹಚ್ಚಿಕೊಳ್ಳಲಿಲ್ಲ, ಉಸಿರು ತಗೊಳ್ಳಲಿಲ್ಲ. ಮುಂದಿನ ಲೀಪ್‌ನಲ್ಲಿ ಹಿಂದಿನ ಮಂಡಿ ಬಾಗಿತು, ಟರ್ನ್‌ನಲ್ಲಿ ಕೈ ಎರಡೂ ಗಾಳಿಗೆ ಹೋದವು. ಒಂದು ಬೀಳು ಇನ್ನೂ ಎರಡು ತಪ್ಪನ್ನು ಎಳೆದುಕೊಂಡು ಬಂತು. ಅವಸರ ಅನ್ನುವುದು ಹೀಗೇ ಬರುವುದು. ಆ ಹತ್ತು ಸೆಕೆಂಡ್ ನಿನ್ನದು. ಮನಸ್ಸಿನಲ್ಲೇ ಏಳರವರೆಗೆ ಎಣಿಸಿ ಆಮೇಲೆ ಬೀಮ್ ಹತ್ತು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಬೀಮ್ ಫೈನಲ್ ಸಿಕ್ಕರೆ ಪೂರ್ತಿ ನೋಡು. ಅಮೆರಿಕದ ಸಿಮೋನ್ ಬೈಲ್ಸ್ ಬಿದ್ದಳು, ಸುನಿಸಾ ಲೀ ಬಿದ್ದಳು. ಇಬ್ಬರಿಗೂ 13.100, ಇಬ್ಬರಿಗೂ ಪದಕ ಇಲ್ಲ. ಚಿನ್ನ ಗೆದ್ದಿದ್ದು ಇಟಲಿಯ ಆಲಿಸ್ ದಮಾತೊ, 14.366. ಅವಳು ಬೀಮ್ ಮೇಲೇ ಉಳಿದಳು. ಹತ್ತು ಸೆಂಟಿಮೀಟರ್ ಅಗಲದ ಹಲಗೆ ಎಂಥ ದೊಡ್ಡವರನ್ನೂ ಬಿಡುವುದಿಲ್ಲ ಪುಟ್ಟಿ.

ಹಾಗಂತ ಕಷ್ಟದ್ದು ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಅಗರ್ತಲಾದ ದೀಪಾ ಕರ್ಮಾಕರ್ ಪ್ರೊಡುನೋವಾ (ಓಡಿ ಬಂದು ವಾಲ್ಟ್ ಮೇಜಿನ ಮೇಲೆ ಕೈ ಊರಿ ಮುಂದಕ್ಕೆ ಎರಡು ಪಲ್ಟಿ ಹೊಡೆಯುವುದು) ಮಾಡದೆ ಇದ್ದಿದ್ದರೆ 2016ರಲ್ಲಿ ರಿಯೋ ಫೈನಲ್ ಮುಟ್ಟುವುದೇ ಕಷ್ಟವಿತ್ತು. ಆ ವಾಲ್ಟ್‌ನ ಡಿ ಸ್ಕೋರ್ ಆಗ 7.0. ಅವಳ ಸರಾಸರಿ 15.066, ಕಂಚು ಗೆದ್ದ ಸ್ವಿಸ್ ಹುಡುಗಿ ಜೂಲಿಯಾ ಸ್ಟೈನ್‌ಗ್ರೂಬರ್‌ದು 15.216. ಎರಡು ವಾಲ್ಟ್‌ಗಳ ಸರಾಸರಿಯಲ್ಲಿ 0.150 ಅಂದರೆ ಒಂದು ವಾಲ್ಟ್‌ನಲ್ಲಿ 0.3. ಒಂದೇ ಒಂದು ದೊಡ್ಡ ಹೆಜ್ಜೆಯಷ್ಟು. ಅವಳು ನಾಲ್ಕನೆಯವಳಾದಳು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆ ಬರಲಿಲ್ಲ. ಭಾರತದ ಹುಡುಗಿಯೊಬ್ಬಳು ಒಲಿಂಪಿಕ್ಸ್ ಜಿಮ್ನಾಸ್ಟಿಕ್ಸಿಗೆ ಹೋಗಿದ್ದೇ ಅದು ಮೊದಲು. ಅವಳು ಆ ಧೈರ್ಯ ಮಾಡಿದ್ದು ಪೂರ್ತಿ ಬೆಳೆದ ಮೈಯಲ್ಲಿ, ವರ್ಷಗಟ್ಟಲೆ ಒಬ್ಬರೇ ಕೋಚ್ ಬಿಶ್ವೇಶ್ವರ ನಂದಿಯವರ ಕಣ್ಣೆದುರಿಗೆ.

ನಿನಗೆ ಈಗ ಹದಿಮೂರು. ಹುಡುಗಿಯರು ಸೀನಿಯರ್ ಆಗುವುದೇ ಹದಿನಾರು ತುಂಬುವ ವರ್ಷದಲ್ಲಿ. ರಿಯೋದ ಅದೇ ಫೈನಲ್‌ನಲ್ಲಿ ಉಜ್ಬೇಕಿಸ್ತಾನದ ಒಕ್ಸಾನಾ ಚುಸೊವಿಟಿನಾ ಇದ್ದಳು, ನಲವತ್ತೊಂದು ವರ್ಷ. ದೀಪಾ ತಾಷ್ಕೆಂಟಿನಲ್ಲಿ ಏಷ್ಯನ್ ಚಿನ್ನ ಗೆದ್ದಾಗ ಅವಳಿಗೆ ಮೂವತ್ತು. ನಿನಗೆ ಬೇಕಾದಷ್ಟು ಟೈಮ್ ಇದೆ. ಮೊದಲು ನೆಲದ ಮೇಲಿನ ಗೆರೆಯಲ್ಲಿ ಏರಿಯಲ್ ಬರಲಿ, ಆಮೇಲೆ ತಗ್ಗಿನ ಬೀಮ್, ಆಮೇಲೆ ಎತ್ತರದ್ದು. ಯಾವತ್ತು ಮುಂದಕ್ಕೆ ಹೋಗಬೇಕು ಅಂತ ಕೋಚ್ ಮೇಡಂ ಹೇಳಲಿ, ನೀನಲ್ಲ.

ನಮ್ಮ ತೋಟಕ್ಕೆ ಅಡಿಕೆ ಕೊನೆ ಕೊಯ್ಯಲು ಬರುವ ಕೊನೆಗಾರನನ್ನು ಚಿಕ್ಕಂದಿನಿಂದ ನೋಡಿದ್ದೀಯ. ತುದಿಯಲ್ಲಿ ಕೂತು ಮರವನ್ನೇ ತೂಗಿ, ಪಕ್ಕದ ಮರ ಹಿಡಿದು ದಾಟುತ್ತಾನೆ. ಅಂಥವನೂ ಮಳೆ ಬಂದ ಬೆಳಿಗ್ಗೆ ಬುಡಕ್ಕೆ ಕೈಯಾಡಿಸಿ ನೋಡಿ, ಜಾರುತ್ತದೆ ಅನ್ನಿಸಿದರೆ "ಇವತ್ತು ಆಗೋಲ್ಲ ಭಟ್ರೇ" ಅಂತ ಹೊರಟುಬಿಡುತ್ತಾನೆ. ಅವನನ್ನು ಯಾರೂ ಪುಕ್ಕಲ ಅನ್ನುವುದಿಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಗಾಳಿಯಲ್ಲಿ ಮೈಯ ದಿಕ್ಕೇ ತಿಳಿಯದ ಹಾಗಾದಾಗ ಬೈಲ್ಸ್ ಮಾಡಿದ್ದೂ ಇದನ್ನೇ. ನಡುವೆಯೇ ನಿಲ್ಲಿಸಿದಳು. ಪ್ಯಾರಿಸ್‌ಗೆ ಬಂದು ಮೂರು ಚಿನ್ನ ಗೆದ್ದಳು. ಪ್ರಾಕ್ಟೀಸಿನಲ್ಲಿ ಯಾವತ್ತಾದರೂ ಮೇಲೆ ಯಾವುದು, ಕೆಳಗೆ ಯಾವುದು ಅಂತ ಗೊತ್ತಾಗದೆ ಹೋದರೆ ಅಲ್ಲಿಗೇ ನಿಲ್ಲಿಸು, ಮೇಡಂಗೆ ಬಾಯಿಬಿಟ್ಟು ಹೇಳು.

ಇನ್ನೊಂದು ಮಾತು. ಬಲಗೈ ಮಣಿಕಟ್ಟಿಗೆ ಟೇಪ್ ಸುತ್ತಿಕೊಂಡಿದ್ದು ವಿಡಿಯೋದಲ್ಲಿ ಕಂಡಿತು. ನೀನು ಹೇಳಿರಲಿಲ್ಲ. ನಿನ್ನ ವಯಸ್ಸಿನಲ್ಲಿ ಎಲುಬಿನ ತುದಿ ಇನ್ನೂ ಬೆಳೆಯುತ್ತಿರುತ್ತದೆ. ದಿನಾ ಮೈಯ ಭಾರವೆಲ್ಲ ಕೈ ಮೇಲೆ ಬಿದ್ದರೆ ಏಟು ತಗಲುವುದು ಆ ಬೆಳೆಯುವ ಜಾಗಕ್ಕೇ. ಟೇಪ್ ಸುತ್ತಿದರೆ ಅದು ವಾಸಿಯಾಗುವುದಿಲ್ಲ. ನಿಮ್ಮಪ್ಪನಿಗೆ ಇವತ್ತೇ ಫೋನ್ ಮಾಡುತ್ತೇನೆ. ಈ ವಾರ ಮೂಳೆ ಡಾಕ್ಟರ ಹತ್ತಿರ ಹೋಗಿ ಎಕ್ಸ್‌ರೇ ತೆಗೆಸಿಕೊಳ್ಳಿ. ಅವರು ರೆಸ್ಟ್ ಅಂದರೆ ರೆಸ್ಟ್, ಮುಂದಿನ ಮೀಟ್ ತಪ್ಪಿದರೂ ಪರವಾಗಿಲ್ಲ. ಡಾಕ್ಟರು ಏನಂದರು ಅಂತ ನನಗೆ ಬರೆ.

ಇಂತಿ,
ನಿನ್ನ ದೊಡ್ಡಪ್ಪ