ಪ್ರಬಂಧದ ಕೊನೆಯ ಪುಟಗಳಲ್ಲಿ ನನ್ನ ತಂಗಿ ಇದ್ದಾಳೆ: ವೈದ್ಯಕೀಯ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಎರಡು ವರ್ಷ ಮೂರು ಕಚೇರಿಗಳಿಗೆ ಅಲೆದು, ಕೊಟ್ಟ ಅರ್ಜಿಗಳ ಮೇಲೆ ಸ್ವೀಕೃತಿಯ ಮುದ್ರೆಯ ಹೊರತು ಬೇರೇನನ್ನೂ ಕಾಣದೆ, ಕೊನೆಗೆ ಎಲ್ಲರೆದುರು ಈ ಪತ್ರ ಬರೆಯುತ್ತಿದ್ದೇನೆ. ವೈದ್ಯಕೀಯ ಕಾಲೇಜುಗಳು ಎಂ.ಡಿ. ಪ್ರಬಂಧಗಳನ್ನು ಅಂತರ್ಜಾಲಕ್ಕೆ ಹಾಕುವ ಮೊದಲು ಅವುಗಳ ಅನುಬಂಧದಲ್ಲಿರುವ ರೋಗಿಗಳ ವಿವರಗಳನ್ನು ತೆಗೆಸಬೇಕೆಂಬುದು ನನ್ನ ಬೇಡಿಕೆ.

ನನ್ನ ತಂಗಿ ಒಂದು ಬೋಧನಾ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಹದಿನೆಂಟು ದಿನ ಒಳರೋಗಿಯಾಗಿದ್ದಳು. ಅಲ್ಲಿ ಓದುತ್ತಿದ್ದ ವೈದ್ಯರೊಬ್ಬರು ತಮ್ಮ ಅಧ್ಯಯನಕ್ಕಾಗಿ ಕೆಲವು ಪ್ರಶ್ನೆಗಳಿಗೆ ಉತ್ತರ ಕೇಳಿದರು. ಮಾಹಿತಿಯನ್ನು ಗೋಪ್ಯವಾಗಿಡಲಾಗುವುದು ಎಂದು ಕನ್ನಡದಲ್ಲಿಯೇ ಅಚ್ಚಾಗಿದ್ದ ಒಪ್ಪಿಗೆ ಪತ್ರವನ್ನು ಅವಳಿಗೆ ಓದಿ ಹೇಳಿದವನು ನಾನು. ಅದರ ಕೆಳಗಿನ ಸಾಕ್ಷಿಯ ಸಹಿಯೂ ನನ್ನದೇ. ನಮ್ಮ ತಾಯಿಗೂ ಹೇಳದಿದ್ದ ಸಂಗತಿಯೊಂದನ್ನು ಅವಳು ಆ ಕಾಗದವನ್ನು ನಂಬಿ ಹೇಳಿದಳು.

ಆ ಸಂಗತಿ ಇಂದು ಕಾಲೇಜಿನ ಗ್ರಂಥಾಲಯದ ಜಾಲತಾಣದಲ್ಲಿದೆ. ಪ್ರಬಂಧದ ಕೊನೆಗೆ ಮಾಸ್ಟರ್ ಚಾರ್ಟ್ ಎಂಬ ದೊಡ್ಡ ಕೋಷ್ಟಕವನ್ನು ಸೇರಿಸುವ ರೂಢಿ ತಮಗೆ ಗೊತ್ತೇ ಇದೆ. ಅದರಲ್ಲಿ ಅವಳಿಗೊಂದು ಸಾಲು: ಹೆಸರಿನ ಮೊದಲಕ್ಷರ, ಒಳರೋಗಿ ಸಂಖ್ಯೆ, ವಯಸ್ಸು, ಊರು, ಉದ್ಯೋಗ, ದಾಖಲಾದ ದಿನಾಂಕ, ಅದರ ಪಕ್ಕದಲ್ಲಿ ಆ ಸಂಗತಿ. ಊರಿನ ಹೆಸರನ್ನು ಮೊಬೈಲಿನಲ್ಲಿ ಹುಡುಕುತ್ತಿದ್ದ ಹುಡುಗನೊಬ್ಬನಿಗೆ ಅದು ಸಿಕ್ಕಿತು. ಸಂಜೆಯೊಳಗೆ ಆ ಪುಟದ ಚಿತ್ರ ಊರಿನ ವಾಟ್ಸಾಪ್ ಗುಂಪಿನಲ್ಲಿತ್ತು.

ಹೆಸರು ಹಾಕಿಲ್ಲವಲ್ಲ, ಇನ್ನೇನು ಎಂದು ಪ್ರಬಂಧದ ಮಾರ್ಗದರ್ಶಕರು ನನ್ನನ್ನು ಕೇಳಿದರು. ಮುನ್ನೂರು ಮನೆಗಳಿರುವ ಊರಿನಲ್ಲಿ ಆ ಉದ್ಯೋಗದವಳು ಒಬ್ಬಳೇ ಇರುವಾಗ ಹೆಸರು ಯಾರಿಗೆ ಬೇಕು? ಇದೇನು ಹೊಸ ಸಂಗತಿಯೂ ಅಲ್ಲ. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಟ್ಟಿದ್ದರು. ಲತಾನ್ಯಾ ಸ್ವೀನಿ ಎಂಬ ವಿದ್ಯಾರ್ಥಿನಿ ಅವುಗಳನ್ನು ಮತದಾರರ ಪಟ್ಟಿಯೊಂದಿಗೆ ಹೋಲಿಸಿ, ಹುಟ್ಟಿದ ದಿನಾಂಕ, ಲಿಂಗ, ಪಿನ್ ಕೋಡ್‌ನಂಥ ಅಂಚೆ ಸಂಖ್ಯೆ ಇಷ್ಟರಿಂದಲೇ ಗವರ್ನರ್ ವಿಲಿಯಂ ವೆಲ್ಡ್ ಅವರ ದಾಖಲೆಯನ್ನು ಗುರುತಿಸಿದರು. ರಾಜ್ಯದ ಗವರ್ನರೇ ಹೀಗೆ ಸಿಕ್ಕಿಬೀಳುವಾಗ ಹಳ್ಳಿಯ ಹೆಣ್ಣುಮಗಳು ಎಲ್ಲಿ ಅಡಗಬೇಕು?

ನಿಯಮಗಳನ್ನು ತಮಗೆ ನಾನು ತಿಳಿಸಬೇಕಾಗಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮು ಗೋಪ್ಯತೆಯನ್ನು ರೋಗಿಯ ಹಕ್ಕು ಎನ್ನುತ್ತದೆ, 24ನೆಯದು ಡಿಜಿಟಲ್ ರೂಪದಲ್ಲಿರುವ ಮಾಹಿತಿಗೂ ಅದನ್ನು ಅನ್ವಯಿಸುತ್ತದೆ. ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಸಾರಿದ್ದೂ ಅದೇ 2017ರಲ್ಲಿ, ಅದೂ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಮೊಕದ್ದಮೆಯಲ್ಲಿ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಸಂಶೋಧನೆಗೆ ವಿನಾಯಿತಿ ಕೊಟ್ಟಿದೆಯೆಂದು ಕಚೇರಿಯೊಂದರಲ್ಲಿ ನನ್ನ ಬಾಯಿ ಮುಚ್ಚಿಸಿದರು. ಆ ವಿನಾಯಿತಿ ನಿಗದಿತ ಮಾನದಂಡಗಳನ್ನು ಪಾಲಿಸುವವರಿಗೆ ಮಾತ್ರ ಎಂಬ ಮಾತನ್ನು ಅವರು ಹೇಳಲಿಲ್ಲ.

ಸಂಶೋಧನೆ ಬೇಡವೆಂದು ನಾನು ಹೇಳುತ್ತಿಲ್ಲ. ತಂಗಿಯನ್ನು ಬದುಕಿಸಿದ ಮಾತ್ರೆಗಳೂ ಯಾರೋ ರೋಗಿಗಳು ಯಾವುದೋ ಅಧ್ಯಯನಕ್ಕೆ ಒಪ್ಪಿದ್ದರಿಂದಲೇ ಬಂದವು. ಆದರೆ ಈಗ ಅವಳು ಪಕ್ಕದ ತಾಲ್ಲೂಕಿನ ಆಸ್ಪತ್ರೆಗೆ ಹೋಗುತ್ತಾಳೆ, ಅಲ್ಲಿಯ ವೈದ್ಯರು ಏನು ಕೇಳಿದರೂ "ಏನೂ ಇಲ್ಲ" ಎಂದಷ್ಟೇ ಹೇಳುತ್ತಾಳೆ. ಹೊರಗಿನ ಬೆಂಚಿನಲ್ಲಿ ಕುಳಿತು ಆ ಮಾತನ್ನು ಕೇಳಿಸಿಕೊಳ್ಳುವ ನನಗೆ, ಒಪ್ಪಿಗೆ ಪತ್ರ ಓದಿದ ನನ್ನದೇ ಧ್ವನಿ ನೆನಪಾಗುತ್ತದೆ.

ಸಚಿವರೇ, ಆ ಕೋಷ್ಟಕಗಳನ್ನು ತೆಗೆಸಿ. ಈಗಾಗಲೇ ಜಾಲತಾಣಗಳಲ್ಲಿರುವ ಪ್ರಬಂಧಗಳಿಂದ ಮೊದಲು ತೆಗೆಸಿ. ಪರೀಕ್ಷಕರಿಗೆ ಮಾಸ್ಟರ್ ಚಾರ್ಟ್ ಬೇಕಿದ್ದರೆ ಅವರಿಗೆ ಮಾತ್ರ ಕೊಡಲಿ. ಅಧ್ಯಯನಕ್ಕೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಯೇ ಅಂತಿಮ ಪ್ರತಿಯನ್ನೂ ನೋಡಿ ಸಹಿ ಮಾಡುವವರೆಗೆ ಯಾವ ಪ್ರಬಂಧವೂ ಹೊರಗೆ ಹೋಗಬಾರದೆಂದು ಆದೇಶ ಹೊರಡಿಸಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಅನುದಾನವೂ ಬೇಕಿಲ್ಲ. ತೆಗೆಸಿ ಎಂದಷ್ಟೇ ಎರಡು ವರ್ಷಗಳಿಂದ ಕೇಳುತ್ತಿದ್ದೇನೆ.

ಹೆಸರು ಬರೆದರೆ ತಂಗಿಯ ಗುರುತು ಮತ್ತೊಮ್ಮೆ ಬಯಲಾಗುವುದರಿಂದ ಇಲ್ಲಿ ಬರೆದಿಲ್ಲ. ಸಹಿ ಮಾಡಿದ ಪ್ರತಿ, ಒಪ್ಪಿಗೆ ಪತ್ರದ ನಕಲು ಮತ್ತು ಪ್ರಬಂಧದ ಆ ಪುಟವನ್ನು ತಮ್ಮ ಕಚೇರಿಗೆ ಮುಚ್ಚಿದ ಲಕೋಟೆಯಲ್ಲಿ ಸ್ಪೀಡ್ ಪೋಸ್ಟ್ ಮಾಡಿದ್ದೇನೆ. ದಯವಿಟ್ಟು ತಾವೇ ತೆರೆಯಿರಿ.

ಇಂತಿ,
ಸಾಕ್ಷಿಯ ಸಹಿ ಹಾಕಿದ ಅಣ್ಣ