ಹನ್ನೊಂದು ಬಗೆಯ ಗ್ಲಾಸು ಬೇಡ, ಮಧು

ವಿಯೆನ್ನಾ
ಶುಕ್ರವಾರ ರಾತ್ರಿ

ಪ್ರೀತಿಯ ಮಧುವಿಗೆ ಅಕ್ಕನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಅಮ್ಮನ ಮಂಡಿನೋವು ಕಡಿಮೆಯಾಗಿದೆ ಅಂತ ಸುಮಾ ಬರೆದಿದ್ದಳು, ಸಮಾಧಾನವಾಯಿತು. ನೀನು ಕಳಿಸಿದ ವೈನ್ ಗ್ಲಾಸಿನ ಕೊಟೇಶನ್ ಎರಡು ಸಲ ಓದಿದೆ. ಹನ್ನೊಂದು ಆಕಾರ, ಒಂದೊಂದರಲ್ಲೂ ನಾಲ್ಕು ಡಜನ್. ಕೆಂಪು ವೈನುಗಳಾದ ಶಿರಾಜ್‌ಗೆ ಬೇರೆ, ಕ್ಯಾಬರ್ನೆಗೆ ಬೇರೆ, ಬಿಳಿ ವೈನಾದ ಶೆನಿನ್ ಬ್ಲಾಂಕ್‌ಗೆ ಬೇರೆ. ಆರ್ಡರ್ ಕೊಡುವ ಮುಂಚೆ ಈ ಕಾಗದ ಪೂರ್ತಿ ಓದು. ನಲವತ್ತು ಜನ ಕೂರುವ ನಿನ್ನ ರೆಸ್ಟೊರೆಂಟಿಗೆ ಎರಡು ಆಕಾರ ಸಾಕು. ಕಾರಣ ಹೇಳದೆ ಬರೀ ಸಾಕು ಅಂದರೆ ನೀನು ಒಪ್ಪುವವನಲ್ಲ, ಅದಕ್ಕೇ ಉದ್ದ ಬರೆಯುತ್ತಿದ್ದೇನೆ.

ಕೊಟೇಶನ್ ಜೊತೆ ಬಂದ ಪುಸ್ತಿಕೆಯಲ್ಲಿ ನಾಲಿಗೆಯ ಚಿತ್ರ ಇದೆಯಲ್ಲ, ತುದಿಯಲ್ಲಿ ಸಿಹಿ, ಪಕ್ಕದಲ್ಲಿ ಹುಳಿ, ಹಿಂದೆ ಕಹಿ ಅಂತ? ಈ ಗ್ಲಾಸು ವೈನನ್ನು ನಾಲಿಗೆಯ ಇಂಥ ಜಾಗಕ್ಕೇ ಬೀಳಿಸುತ್ತದೆ ಅಂತ ಅದರ ಕೆಳಗೆ ಬರೆದಿದ್ದಾರೆ. ಅದನ್ನು ಬಿಟ್ಟುಬಿಡು. 1901ರಲ್ಲಿ ಜರ್ಮನಿಯ ಹೇನಿಗ್ ಎಂಬಾತ ನಾಲಿಗೆಯ ಬೇರೆಬೇರೆ ಭಾಗಗಳ ಸೂಕ್ಷ್ಮತೆಯಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇದೆ ಅಂತ ಬರೆದ. ಮುಂದೆ ಅದನ್ನು ತಪ್ಪಾಗಿ ಓದಿದವರು ಇಂಥ ರುಚಿ ಇಂಥಲ್ಲಿ ಮಾತ್ರ ಅಂತ ನಕ್ಷೆ ಬರೆದರು. ನಾಲಿಗೆಯಲ್ಲಿ ರುಚಿಮೊಗ್ಗು ಇರುವ ಕಡೆಯಲ್ಲೆಲ್ಲ ಎಲ್ಲ ರುಚಿಯೂ ತಿಳಿಯುತ್ತದೆ. ಒಂದು ಗುಟುಕು ಬಾಯಿಗೆ ಹೋದ ಕ್ಷಣದಲ್ಲೇ ನಾಲಿಗೆಯ ಮೇಲೆಲ್ಲ ಹರಡಿರುತ್ತದೆ, ಎಲ್ಲಿ ಬಿತ್ತು ಅನ್ನುವುದಕ್ಕೆ ಅರ್ಥವಿಲ್ಲ.

ಹಾಗಂತ ಆಕಾರದಿಂದ ವ್ಯತ್ಯಾಸವೇ ಇಲ್ಲ ಅಂತಲ್ಲ. ವ್ಯತ್ಯಾಸ ಇರುವುದು ಮೂಗಿಗೆ. ನಮ್ಮ ಕಾಫಿಯನ್ನೇ ನೋಡು. ಅದೇ ಡಿಕಾಕ್ಷನ್, ಅದೇ ಹಾಲು. ಲೋಟದಲ್ಲಿದ್ದಾಗ ಘಮ ಬಾಯಿಯ ಹತ್ತಿರ ನಿಂತಿರುತ್ತದೆ, ದಬರಿಗೆ ಸುರಿದರೆ ಅಗಲಕ್ಕೆ ಹರಡಿ ಬೇಗ ಆರುತ್ತದೆ, ಘಮವೂ ಹಾರಿಹೋಗುತ್ತದೆ. ವೈನ್ ಗ್ಲಾಸಿನ ಲೆಕ್ಕವೂ ಇದೇ: ಹೊಟ್ಟೆ ಎಷ್ಟು ಅಗಲ, ಬಾಯಿ ಎಷ್ಟು ಕಿರಿದು, ವೈನಿನ ಮೇಲೆ ಎಷ್ಟು ಖಾಲಿ ಜಾಗ.

ಹೊಟ್ಟೆಯ ಅಗಲ ವೈನು ಗಾಳಿಗೆ ಎಷ್ಟು ತೆರೆದುಕೊಳ್ಳುತ್ತದೆ ಅನ್ನುವುದನ್ನು ತೀರ್ಮಾನಿಸುತ್ತದೆ. 65 ಮಿ.ಮೀ. ಅಗಲದ ಹೊಟ್ಟೆಯಲ್ಲಿ ಮೇಲ್ಮೈ ಸುಮಾರು 33 ಚದರ ಸೆಂ.ಮೀ., 100 ಮಿ.ಮೀ. ಆದರೆ 78. ಅಗಲ ಒಂದೂವರೆಪಟ್ಟು, ಗಾಳಿಗೆ ತಾಗುವ ಜಾಗ ಎರಡೂಕಾಲು ಪಟ್ಟಿಗಿಂತ ಹೆಚ್ಚು. ಅಷ್ಟು ಬೇಗ ಘಮ ಏಳುತ್ತದೆ, ಅಷ್ಟೇ ಬೇಗ ವೈನು ಬಿಸಿಯೂ ಆಗುತ್ತದೆ. ಎದ್ದ ಘಮವನ್ನು ಹಿಡಿದಿಡುವುದು ಒಳಕ್ಕೆ ಬಾಗಿದ ಬಾಯಿ, ಬಿಂದಿಗೆಯ ಕಂಠದ ಹಾಗೆ. ಬಾಯಿ ಹೊರಕ್ಕೆ ಅರಳಿದ ಗ್ಲಾಸಿನಲ್ಲಿ ಎಂಥ ವೈನಾದರೂ ಮಂಕಾಗಿ ಕಾಣುತ್ತದೆ, ತಪ್ಪು ವೈನಿನದಲ್ಲ.

ವೈನ್ ಪರೀಕ್ಷೆ ಮಾಡುವವರಿಗೆ 1977ರಲ್ಲಿ ಒಂದು ಅಂತರರಾಷ್ಟ್ರೀಯ ಅಳತೆ ಗೊತ್ತು ಮಾಡಿದರು, ಐಎಸ್‌ಒ 3591 ಅಂತ. ಒಟ್ಟು ಎತ್ತರ 155 ಮಿ.ಮೀ., ಹೊಟ್ಟೆ 65, ಬಾಯಿ 46, ಹಿಡಿಯುವುದು ಸುಮಾರು 215 ಮಿ.ಲೀ., ಆದರೆ ಸುರಿಯುವುದು 50 ಮಾತ್ರ. ಮುಕ್ಕಾಲು ಭಾಗ ಖಾಲಿ ಬಿಡುವುದು ಜಿಪುಣತನದಿಂದಲ್ಲ, ಘಮ ನಿಲ್ಲುವುದೇ ಆ ಖಾಲಿಯಲ್ಲಿ. ಊಟಕ್ಕೆ ಆ ಗ್ಲಾಸು ತೀರಾ ಚಿಕ್ಕದು, ಆದರೆ ಬಾಯಿ ಹೊಟ್ಟೆಯ ಶೇ. 70ರಷ್ಟು ಅನ್ನುವ ಪ್ರಮಾಣವನ್ನು ನೆನಪಿಟ್ಟುಕೋ. ಯಾವ ಗ್ಲಾಸು ಕೊಂಡರೂ 65ರಿಂದ 75ರೊಳಗೆ ಇರಲಿ. ಅದಕ್ಕಿಂತ ಕಿರಿದಾದರೆ ಕುಡಿಯುವಾಗ ಮೂಗು ಅಂಚಿಗೆ ತಾಗುತ್ತದೆ, ತಲೆ ಹಿಂದಕ್ಕೆ ಎತ್ತಬೇಕಾಗುತ್ತದೆ.

2015ರಲ್ಲಿ ಟೋಕಿಯೋದ ವಿಜ್ಞಾನಿಗಳು ಗ್ಲಾಸಿನ ಬಾಯಿಯಲ್ಲಿ ಏಳುವ ಆಲ್ಕೊಹಾಲ್ ಆವಿಯ ಚಿತ್ರ ತೆಗೆದರು. 13 ಡಿಗ್ರಿಯಲ್ಲಿದ್ದ ವೈನಿನ ಆವಿ ವೈನ್ ಗ್ಲಾಸಿನ ಅಂಚಿನ ಸುತ್ತ ಉಂಗುರದಂತೆ ನಿಂತಿತ್ತು, ನಡುವೆ ಕಡಿಮೆ. ಅಂದರೆ ನಡುವೆ ಮೂಗಿಟ್ಟರೆ ಹಣ್ಣಿನ ಘಮ ಸಿಗುತ್ತದೆ, ಆಲ್ಕೊಹಾಲಿನ ಘಾಟು ಅಷ್ಟಾಗಿ ಬಡಿಯುವುದಿಲ್ಲ. ನೆಟ್ಟಗಿನ ಲೋಟದಲ್ಲಿ ಆ ಉಂಗುರ ಕಾಣಲಿಲ್ಲ. ವೈನು ಬಿಸಿಯಾದಾಗಲೂ ಕಾಣಲಿಲ್ಲ. ಈ ಎರಡನೆಯದು ನಿನಗೆ ಮುಖ್ಯ. ನಂದಿ ಕಡೆ ಏಪ್ರಿಲ್ ಮಧ್ಯಾಹ್ನ ಒಳಗೇ 30 ಡಿಗ್ರಿ ಇರುವಾಗ ಯಾವ ದುಬಾರಿ ಆಕಾರವೂ ನಿನ್ನ ಕೈಹಿಡಿಯುವುದಿಲ್ಲ. ಮೊದಲು ವೈನು ತಂಪಾಗಿರಬೇಕು, ಆಕಾರ ಆಮೇಲೆ.

ಪುಸ್ತಿಕೆಯ ಮುಖಪುಟದಲ್ಲಿರುವ ಬಲೂನಿನಂಥ ದೊಡ್ಡ ಗ್ಲಾಸು ನಿನಗೆ ತುಂಬಾ ಹಿಡಿಸಿದೆ ಅಂತ ಗೊತ್ತು. ಅದರ ಮೂಲ ಇಲ್ಲಿಯದೇ, ಆಸ್ಟ್ರಿಯಾದ್ದು. 1756ರಲ್ಲಿ ಶುರುವಾದ ರೀಡೆಲ್ ಮನೆತನದ ಗಾಜಿನ ಕಾರ್ಖಾನೆ ಈಗ ಟಿರೋಲ್ ಪ್ರಾಂತ್ಯದ ಕುಫ್‌ಷ್ಟೈನ್‌ನಲ್ಲಿದೆ. ಅಲ್ಲಿ ಕ್ಲಾಸ್ ರೀಡೆಲ್ 1958ರಲ್ಲಿ ಫ್ರಾನ್ಸಿನ ಬರ್ಗಂಡಿ ವೈನಿಗೆಂದು ಒಂದು ಲೀಟರಿಗೂ ಹೆಚ್ಚು ಹಿಡಿಯುವ ಗ್ಲಾಸು ಮಾಡಿದರು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲೂ ಅದನ್ನು ಇಟ್ಟಿದ್ದಾರೆ. ಬಣ್ಣದ, ಕೆತ್ತನೆಯ, ದಪ್ಪ ಗಾಜನ್ನೇ ಚಂದ ಅನ್ನುತ್ತಿದ್ದ ಕಾಲದಲ್ಲಿ ವೈನಿಗಾಗಿ ಗಾಜು ಅಂತ ತಿರುಗಿಸಿ ಯೋಚಿಸಿದ್ದು ದೊಡ್ಡ ಕೆಲಸ. ಆದರೆ ಅದು ಪಿನೋ ನ್ವಾರ್ ದ್ರಾಕ್ಷಿಗೆ ಮಾಡಿದ್ದು. ಪಿನೋದಲ್ಲಿ ಒಗರು ಕಡಿಮೆ, ಘಮ ನವಿರು, ತಂಪು ಸೀಮೆಯ ಹಣ್ಣು. ಅಗಲ ಹೊಟ್ಟೆಯಲ್ಲಿ ತಿರುಗಿಸಿದರೆ ಮಾತ್ರ ಘಮ ಬಿಡುತ್ತದೆ. ನಿನ್ನ ಪಟ್ಟಿಯಲ್ಲಿರುವುದು ದೊಡ್ಡಬಳ್ಳಾಪುರ ಕಡೆಯ ಕ್ಯಾಬರ್ನೆ ಮತ್ತು ಶಿರಾಜ್. ಬಿಸಿಲಲ್ಲಿ ಮಾಗಿದ ಹಣ್ಣು, ಆಲ್ಕೊಹಾಲು ಶೇ. 13–14. ಬಲೂನಿಗೆ ಸುರಿದರೆ ಮೊದಲು ಮೂಗಿಗೆ ಬಡಿಯುವುದು ಘಾಟು, ಹತ್ತು ನಿಮಿಷ ಬಿಟ್ಟರೆ ವೈನು ಕೋಣೆಯ ಶಾಖಕ್ಕೆ ಬಂದಿರುತ್ತದೆ. ಆ ಗ್ಲಾಸು ನಿನಗೆ ಬೇಡವೇ ಬೇಡ.

ಬೋರ್ಡೋ ಗ್ಲಾಸು ಅಂತಾರಲ್ಲ, ಎತ್ತರ ಹೆಚ್ಚು, ಹೊಟ್ಟೆ ಮಧ್ಯಮ, ಒಗರು ಜಾಸ್ತಿ ಇರುವ ಕ್ಯಾಬರ್ನೆಗೆ ಅಂತ. ಒಳ್ಳೆಯದೇ. ಆದರೆ ಅದನ್ನು ಕೊಂಚ ಕುಗ್ಗಿಸಿದರೆ ಬಿಳಿಗೂ ಕೆಂಪಿಗೂ ಎರಡಕ್ಕೂ ಸರಿಹೋಗುವ ಗ್ಲಾಸು ಸಿಗುತ್ತದೆ. ಬಿಳಿಗೆ ಚಿಕ್ಕ ಗ್ಲಾಸು ಅನ್ನುವುದಕ್ಕೆ ಇರುವ ಗಟ್ಟಿ ಕಾರಣ ಒಂದೇ: 8–10 ಡಿಗ್ರಿಯಲ್ಲಿ ಬಡಿಸಿದ ಸೋವಿನ್ಯೋ ಬ್ಲಾಂಕ್ ಬಿಸಿಯಾಗುವ ಮುಂಚೆ ಮುಗಿಯಬೇಕು. ಅದಕ್ಕೆ ಬೇರೆ ಗ್ಲಾಸು ಬೇಕಿಲ್ಲ, ಸ್ವಲ್ಪ ಸ್ವಲ್ಪವೇ ಸುರಿದು ಬಾಟಲಿಯನ್ನು ಐಸ್ ಬಕೆಟ್ಟಿನಲ್ಲಿಟ್ಟರೆ ಆಯಿತು. ಬಕೆಟ್ಟಿನಲ್ಲಿ ಬರೀ ಐಸ್ ಬೇಡ, ಅರ್ಧ ನೀರು ಇರಲಿ. ನೀರಿದ್ದರೆ ಬಾಟಲಿಗೆ ಸುತ್ತಲೂ ತಂಪು ತಾಗುತ್ತದೆ.

ಇಲ್ಲಿ ಬಿಡಿಯಾಗಿ ಮಾರುವ ವೈನಿನ ಅಳತೆಗೆ ಆಖ್ಟೆಲ್ ಅನ್ನುತ್ತಾರೆ, ಅಂದರೆ ಲೀಟರಿನ ಎಂಟನೆಯ ಒಂದು ಭಾಗ, 125 ಮಿ.ಲೀ. ಗ್ಲಾಸಿನ ಮೇಲೇ ಅಳತೆಯ ಗೆರೆ ಇರುತ್ತದೆ. ನೀನೂ 125 ಇಟ್ಟುಕೋ, 750ರ ಬಾಟಲಿಗೆ ಸರಿಯಾಗಿ ಆರು ಗ್ಲಾಸು. 150 ಸುರಿದರೆ ಐದೇ, ಕೊನೆಯ ಗುಟುಕುಗಳೂ ಬೆಚ್ಚಗೆ. ಇದೇ ಊರಿನ ಹೊರಗೆ, ದ್ರಾಕ್ಷಿ ತೋಟದ ಮನೆಗಳಲ್ಲಿ, ಆಯಾ ವರ್ಷದ ಹೊಸ ವೈನನ್ನು ಕಾಲಿಲ್ಲದ, ಹಿಡಿಯಿರುವ ಗಟ್ಟಿ ಗಾಜಿನ ಮಗ್ಗಿನಲ್ಲಿ ಕೊಡುತ್ತಾರೆ. ಅದು ಮೂಸಿ ಮೂಸಿ ಕುಡಿಯುವ ವೈನಲ್ಲ, ಊಟದ ಜೊತೆ ಬಾಯಾರಿಕೆಗೆ ಕುಡಿಯುವಂಥದ್ದು. ಅದಕ್ಕೆ ಮಗ್ಗೇ ಸರಿ.

ಬೇರೆ ಆಕಾರ ನಿಜವಾಗಿಯೂ ಬೇಕಾಗುವುದು ಗುಳ್ಳೆಯ ವೈನಿಗೆ. ಕೊಟೇಶನ್ನಿನಲ್ಲಿ ಇದಕ್ಕೆ ಎರಡು ಬಗೆ ಇದೆ, ತಟ್ಟೆಯಂಥ ಅಗಲ ಗ್ಲಾಸು ಮತ್ತು ಕೊಳವೆಯಂಥ ಫ್ಲೂಟ್. ಎರಡೂ ಬೇಡ. ತಟ್ಟೆ ಗ್ಲಾಸಿನಲ್ಲಿ ಗ್ಯಾಸು ಬೇಗ ಹೋಗುತ್ತದೆ, ತುಂಬಿದ್ದನ್ನು ಒಯ್ಯುವಾಗ ಚೆಲ್ಲುತ್ತದೆ. ಫ್ಲೂಟಿನಲ್ಲಿ ಗುಳ್ಳೆ ಚಂದ ಕಾಣುತ್ತದೆ, ಆದರೆ ಬಾಯಿ ಕಿರಿದಾಗಿ ಮೇಲೆ ಖಾಲಿ ಜಾಗವೇ ಇಲ್ಲದ್ದರಿಂದ ಇಂಗಾಲದ ಡೈಆಕ್ಸೈಡ್ ಗ್ಯಾಸು ದಟ್ಟವಾಗಿ ನಿಂತು ಮೂಗಿಗೆ ಚುಚ್ಚುತ್ತದೆ, ವೈನಿನ ಘಮ ಅದರಡಿ ಮುಚ್ಚಿಹೋಗುತ್ತದೆ. ಟ್ಯುಲಿಪ್ ಹೂವಿನ ಆಕಾರದ್ದನ್ನು ಕೇಳು: ತಳ ಚೂಪು, ಹೊಟ್ಟೆ 65–70 ಮಿ.ಮೀ., ಬಾಯಿ ಸ್ವಲ್ಪ ಒಳಕ್ಕೆ, 250ರಿಂದ 300 ಮಿ.ಲೀ. ಹಿಡಿಯುವಂಥದ್ದು. ಸುರಿಯುವುದು ನೂರು ಮಿ.ಲೀ.

ಗುಳ್ಳೆ ಎಲ್ಲಿಂದ ಬರುತ್ತದೆ ಅನ್ನುವುದನ್ನು ಫ್ರಾನ್ಸಿನ ರಾಂಸ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಜೆರಾರ್ ಲಿಜೆ-ಬೆಲೇರ್ ಚೆನ್ನಾಗಿ ತೋರಿಸಿದ್ದಾರೆ. ನುಣುಪಾದ ಗಾಜಿನಿಂದ ಗುಳ್ಳೆ ಏಳುವುದಿಲ್ಲ. ಒರೆಸಿದ ಬಟ್ಟೆಯ ಎಳೆ, ಗಾಳಿಯ ಧೂಳಿನ ನಾರು, ಇವುಗಳೊಳಗೆ ಸಿಕ್ಕಿಕೊಂಡ ಗಾಳಿಯಿಂದಲೇ ಗುಳ್ಳೆಯ ಸಾಲು ಹೊರಡುತ್ತದೆ. ಒಳ್ಳೆಯ ತಯಾರಕರು ಅದಕ್ಕೇ ತಳದಲ್ಲಿ ಲೇಸರಿನಿಂದ ಸಣ್ಣ ಚುಕ್ಕೆಗಳನ್ನು ಕೊರೆಯುತ್ತಾರೆ. ಮಾದರಿ ಗ್ಲಾಸಿನ ತಳವನ್ನು ಬೆಳಕಿಗೆ ಹಿಡಿದರೆ ಸಣ್ಣ ಬಿಳಿ ಮಚ್ಚೆ ಕಾಣಬೇಕು. ಗಿರಾಕಿ "ಗ್ಯಾಸೇ ಇಲ್ಲ" ಅಂದರೆ ಮೊದಲು ಗ್ಲಾಸನ್ನೇ ಅನುಮಾನಿಸು. ಸೋಪಿನ ಪದರ ಅಥವಾ ಎಣ್ಣೆಜಿಡ್ಡು ಉಳಿದಿದ್ದರೆ ಮೇಲಿನ ನೊರೆಯ ಉಂಗುರ ನಿಲ್ಲುವುದಿಲ್ಲ. ಆಗತಾನೆ ಬಿಸಿನೀರಿನಲ್ಲಿ ತೊಳೆದ ಬೆಚ್ಚಗಿನ ಗ್ಲಾಸಾದರೆ ಉಕ್ಕಿ ಹೊರಗೆ ಬರುತ್ತದೆ. ಫ್ರೀಜರಿನಲ್ಲಿಟ್ಟ ಗ್ಲಾಸಿನ ಒಳಗೋಡೆಗೆ ಹನಿ ಕಟ್ಟುತ್ತದೆ, ಅದೂ ಬೇಡ. ಬಿಯರ್ ಸುರಿಯುವ ಹಾಗೆ ಗ್ಲಾಸನ್ನು ಓರೆಮಾಡಿ ಗೋಡೆಯ ಮೇಲಿಂದ ಇಳಿಸಿದರೆ ಗ್ಯಾಸು ಹೆಚ್ಚು ಉಳಿಯುತ್ತದೆ. ಇದನ್ನು ಹುಡುಗರಿಗೆ ಮೊದಲ ದಿನವೇ ಕಲಿಸು.

ಸಿಹಿ ವೈನಿಗೂ, ಬೆಂಗಳೂರು ಬ್ಲೂ ದ್ರಾಕ್ಷಿಯಿಂದ ಪೋರ್ಚುಗಲ್ಲಿನ ಪೋರ್ಟ್ ವೈನಿನ ಮಾದರಿಯಲ್ಲಿ ಮಾಡಿದ್ದಕ್ಕೂ ಇದೇ ಟ್ಯುಲಿಪ್ಪಿನಲ್ಲಿ 60 ಮಿ.ಲೀ. ಕೊಡು. ಪೋರ್ಚುಗಲ್ಲಿನವರೇ 2001ರಲ್ಲಿ ವಾಸ್ತುಶಿಲ್ಪಿ ಆಲ್ವರೋ ಸೀಜಾ ಅವರಿಂದ ಪೋರ್ಟಿಗೆ ಮಾಡಿಸಿದ ಗ್ಲಾಸು ಕೂಡ ಹೆಚ್ಚುಕಡಿಮೆ ಒಳಕ್ಕೆ ಬಾಗಿದ ಚಿಕ್ಕ ಟ್ಯುಲಿಪ್ಪೇ. ಸ್ಪೇನಿನ ಶೆರಿ ವೈನಿಗೆಂದು ಮಾರುವ ಹೆಬ್ಬೆರಳು ಗಾತ್ರದ ಗ್ಲಾಸುಗಳಲ್ಲಿ ಅಂಚಿನವರೆಗೆ ತುಂಬಿದರೆ ಘಮಕ್ಕೆ ಜಾಗ ಎಲ್ಲಿ?

ಈಗ ಆರ್ಡರ್ ಹೀಗಿರಲಿ. ಎಲ್ಲಕ್ಕೂ ಆಗುವ ಗ್ಲಾಸು ಆರು ಡಜನ್: 450–500 ಮಿ.ಲೀ., ಹೊಟ್ಟೆ 85–90 ಮಿ.ಮೀ., ಬಾಯಿ 60–65, ಎತ್ತರ 230 ದಾಟಬಾರದು. ಟ್ಯುಲಿಪ್ ಎರಡು ಡಜನ್. ಸೀಸವಿಲ್ಲದ ಕ್ರಿಸ್ಟಲ್ ಅಂತ ಬರವಣಿಗೆಯಲ್ಲಿ ಕೇಳು. ಹಳೆಯ ಬಗೆಯದರಲ್ಲಿ ಶೇ. 24 ಸೀಸದ ಆಕ್ಸೈಡ್ ಇರುತ್ತದೆ, ವೈನಿನ ಹುಳಿ ಅದನ್ನು ನಿಧಾನವಾಗಿ ಬಿಡಿಸಿಕೊಳ್ಳುತ್ತದೆ. ಈಗ ಬೇರಿಯಂ, ಸತು, ಟೈಟಾನಿಯಂ ಬೆರೆಸಿ ಅದೇ ಹೊಳಪು ತರುತ್ತಾರೆ, ಗಟ್ಟಿಯೂ ಹೌದು.

ಮಾದರಿ ಬಂದಾಗ ನಾಲ್ಕು ವಿಷಯ ನೋಡು. ಅಂಚಿನ ಮೇಲೆ ಬೆರಳಾಡಿಸು. ಉಬ್ಬಿದ ದುಂಡು ಮಣಿ ಸಿಕ್ಕಿದರೆ ವಾಪಸ್ ಕಳಿಸು, ಅಂಚು ಒಂದು ಮಿ.ಮೀ. ಆಸುಪಾಸಿನಲ್ಲಿ, ಕತ್ತರಿಸಿ ನಯಮಾಡಿದ್ದಾಗಿರಬೇಕು. ಆಕಾರಕ್ಕಿಂತ ತೆಳು ಅಂಚಿಗೇ ನಾನು ಹೆಚ್ಚು ದುಡ್ಡು ಕೊಡುತ್ತೇನೆ. ಕಾಲಿನ ಮೇಲೆ ಅಚ್ಚಿನ ಗೆರೆ ಎದ್ದು ತೋರಬಾರದು. ಸಪಾಟಾದ ಕಡಪ ಕಲ್ಲಿನ ಮೇಲಿಟ್ಟರೆ ಅಲುಗಾಡಬಾರದು. ಕೊನೆಗೆ 125 ಮಿ.ಲೀ. ನೀರು ಅಳೆದು ಸುರಿ, ನೀರು ಹೊಟ್ಟೆಯ ಅತಿ ಅಗಲದ ಜಾಗಕ್ಕೆ ಅಥವಾ ಅದಕ್ಕಿಂತ ತುಸು ಕೆಳಗೆ ನಿಲ್ಲಬೇಕು. ಮೇಲಕ್ಕೆ ಹೋದರೆ ಗ್ಲಾಸು ಚಿಕ್ಕದು.

ಒಡೆಯುವುದು ಬೀಳುವುದರಿಂದಲೇ ಅಂತ ತಿಳಿಯಬೇಡ. ಒರೆಸುವಾಗ ಒಂದು ಕೈಯಲ್ಲಿ ಪಾದ, ಇನ್ನೊಂದರಲ್ಲಿ ಹೊಟ್ಟೆ ಹಿಡಿದು ತಿರುಚುತ್ತಾರೆ. ಕಾಲು ಅಲ್ಲೇ ಮುರಿದು ಅಂಗೈಗೆ ಚುಚ್ಚುತ್ತದೆ. ಹೊಟ್ಟೆಯನ್ನು ಒರೆಸುವಾಗ ಹೊಟ್ಟೆಯನ್ನೇ ಹಿಡಿಯಬೇಕು, ಪಾದವನ್ನು ಒರೆಸುವಾಗ ಪಾದವನ್ನೇ. ನಿಮ್ಮ ಬೋರ್‌ವೆಲ್ ನೀರು ಗಡಸು, ತೊಳೆದು ಹಾಗೇ ಒಣಗಿಸಿದರೆ ಬಿಳಿ ಕಲೆ ಕೂರುತ್ತದೆ. ಕೊನೆಯಲ್ಲಿ ಜಾಲಿಸುವುದಕ್ಕೆ ಫಿಲ್ಟರ್ ನೀರು ಬಳಸು. ಕಲೆ ಕೂತಿದ್ದರೆ ಒಂದು ಲೀಟರ್ ನೀರಿಗೆ ಅರ್ಧ ಲೋಟ ಬಿಳಿ ವಿನೆಗರ್ ಹಾಕಿ ಹತ್ತು ನಿಮಿಷ ನೆನೆಸಿ ತೊಳೆ. ಕುದಿನೀರಿನ ಆವಿಗೆ ಹಿಡಿದು, ನಾರು ಬಿಡದ ಬಟ್ಟೆಯಲ್ಲಿ ಒರೆಸಬೇಕು. ಆ ಬಟ್ಟೆಗೆ ಕಂಫರ್ಟ್ ಹಾಕಬೇಡ, ಅದರ ವಾಸನೆಯೂ ಜಿಡ್ಡೂ ಗಾಜಿಗೆ ಹತ್ತುತ್ತದೆ. ಬೀರುವಿನಲ್ಲಿ ಬೋರಲು ಹಾಕಿದರೆ ಹಲಗೆಯ ವಾಸನೆ ಒಳಗೆ ಸಿಕ್ಕಿಕೊಳ್ಳುತ್ತದೆ. ನೆಟ್ಟಗಿಡು, ನುಸಿಗುಳಿಗೆ, ಊದುಬತ್ತಿ, ಒಗ್ಗರಣೆಯ ಒಲೆ ಮೂರರಿಂದಲೂ ದೂರ. ಬಡಿಸುವ ಮುಂಚೆ ಖಾಲಿ ಗ್ಲಾಸನ್ನು ಒಮ್ಮೆ ಮೂಸಿ ನೋಡುವ ಅಭ್ಯಾಸ ಎಲ್ಲರಿಗೂ ಆಗಲಿ.

ಆರ್ಡರ್ ಕೊಡುವ ಮುಂಚೆ ಬಾರ್ ಹಿಂದಿನ ಶೆಲ್ಫಿನ ಎತ್ತರ ಅಳೆದು ತಿಳಿಸು. ಎರಡು ಹಲಗೆಗಳ ನಡುವೆ 26 ಸೆಂ.ಮೀ. ಇಲ್ಲದಿದ್ದರೆ ಬಡಗಿಯನ್ನು ಮೊದಲು ಕರೆಸು, ಗ್ಲಾಸು ಆಮೇಲೆ. ಅಮ್ಮನಿಗೆ ನನ್ನ ನಮಸ್ಕಾರ, ಸುಮಾಗೂ ಮಕ್ಕಳಿಗೂ ಪ್ರೀತಿ.

ಇತಿ ನಿನ್ನ
ಅಕ್ಕ