ಗುಂಡ್ಯಾನಿಗೆ, ಹಾಗಲಬಳ್ಳಿಯ ಸಲುವಾಗಿ

ಲೇ ಗುಂಡ್ಯಾ,

ವಾಟ್ಸಾಪಿನಲ್ಲಿ ಬರೆದರೆ ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತೀಯ. ಅದಕ್ಕೇ ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ. ಹೆದರಬೇಡ, ಹೊಸಪೇಟೆ ಬಸ್ಸಿನ ಕಥೆ ತೆಗೆಯುವುದಿಲ್ಲ.

ಟೋಕಿಯೊದ ಆಗಸ್ಟ್ ಅಂದರೆ ಬಳ್ಳಾರಿಯ ಬಿಸಿಲಿಗೆ ಮಂಗಳೂರಿನ ಬೆವರು ಬೆರೆಸಿದ ಹಾಗೆ. ನನ್ನ ಕಿಟಕಿಯೋ ಪಡುವಣಕ್ಕೆ. ಮೇ ತಿಂಗಳಲ್ಲಿ ಪಕ್ಕದ ಮನೆ ಅಜ್ಜಿ ಎರಡು ಸಸಿ ಕೊಟ್ಟು, ಬಾಲ್ಕನಿಗೆ ಬಲೆ ಕಟ್ಟಿಸಿದಳು. 'ಗೋಯಾ' ಅಂದಳು. ಎಲೆ ಹಿಸುಕಿ ಮೂಸಿದೆ. ನಮ್ಮ ಹಾಗಲ! ಒಕಿನಾವಾದವರ ಅಡುಗೆಮನೆ ಕಾಯಿ. 2011ರ ಭೂಕಂಪದ ನಂತರ ಅಣುಸ್ಥಾವರಗಳು ನಿಂತು ಕರೆಂಟಿಗೆ ಬರ ಬಂದಾಗ, ಶಾಲೆ, ಕಚೇರಿ, ಮನೆ ಅನ್ನದೆ ಕಿಟಕಿಗಳಿಗೆ ಇದನ್ನು ಹಬ್ಬಿಸುವುದು ಜೋರಾಯಿತಂತೆ. 'ಮಿದೋರಿ ನೋ ಕಾತೆನ್', ಹಸಿರು ಪರದೆ. ಬಟ್ಟೆ ಪರದೆ ತಡೆಯುವಷ್ಟರಲ್ಲಿ ಬಿಸಿಲು ಗಾಜು ದಾಟಿ ಒಳಗೆ ಬಂದಿರುತ್ತದೆ. ಬಳ್ಳಿ ಹೊರಗೇ ನಿಲ್ಲಿಸುತ್ತದೆ, ಎಲೆ ಬಿಡುವ ನೀರಾವಿಯ ತಂಪು ಬೇರೆ. ಚಳಿಗೆ ತಾನೇ ಒಣಗಿ ಬಿಸಿಲಿಗೆ ದಾರಿ ಬಿಡುತ್ತದೆ. ಈಗ ಸಂಜೆ ನಾಲ್ಕಕ್ಕೆ ಲ್ಯಾಪ್‌ಟಾಪಿನ ಮೇಲೆ ಎಲೆಯ ನೆರಳು ಅಲ್ಲಾಡುತ್ತಿರುತ್ತದೆ.

ಜೂನಿನಲ್ಲೇ ಅವ್ವನಿಗೆ ಫೋಟೋ ಕಳಿಸಿ ಹೊಗಳಿಕೆಗೆ ಕಾದೆ.

"ತುದಿ ಚಿವುಟೀಯೇನು?" ಅಂದಳು.

ಚಿವುಟಿರಲಿಲ್ಲ. ಒಂದೇ ಕುಡಿ ಸೀದಾ ಮೇಲಿನವರ ಬಾಲ್ಕನಿಗೆ ಹೊರಟಿತ್ತು, ಕೆಳಗೆ ಬಲೆ ಬೋಳು. ಅವಳು ಮತ್ತೇನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಅವಳ ಹಂದರ ನೆನಪಿದೆಯಲ್ಲ? ಎಸಿಯ ಹೊರಗಿನ ಡಬ್ಬಕ್ಕೆ ಜಾಗ ಬೇಕೆಂದು ಕಿತ್ತೆವು. ಕುಡುಗೋಲು ನಿನ್ನ ಕೈಲಿತ್ತು, 'ಕೊಯ್ಯಿ' ಅಂದವನು ನಾನು. ಬೆರಳುದ್ದ ಮಿಡಿ ಬಿಟ್ಟಿತ್ತು. ಅವ್ವ ಜಗಳ ಮಾಡಲಿಲ್ಲ, ಕೂತು ಮಿಡಿಗಳನ್ನು ಸೆರಗಿಗೆ ಆರಿಸಿಕೊಂಡಳು. ನಾನು ಅವ್ವನಿಗೆ ಎಸಿ ಹಾಕಿಸಿದೆ ಅಂತ ಊರೆಲ್ಲ ಹೇಳಿಕೊಂಡು ತಿರುಗಿದೆ.

ಗೃಹಜ್ಯೋತಿ ಬಂದಾಗಿನಿಂದ ತಿಂಗಳು ತಿಂಗಳು ಬಿಲ್ಲಿನ ಫೋಟೋ ಕಳಿಸುತ್ತಾಳೆ, 'ಸೊನ್ನೆ ನೋಡು' ಅಂತ. ನನಗೆ ಯೂನಿಟ್ ಓದಲು ಬರುತ್ತದೆ ಗುಂಡ್ಯಾ. ಮೇ ತಿಂಗಳದೂ ಡಿಸೆಂಬರಿನದೂ ಹೆಚ್ಚುಕಮ್ಮಿ ಒಂದೇ. ಆ ಎಸಿ ಓಡುತ್ತಲೇ ಇಲ್ಲ. ಕಿಟಕಿಗೆ ಒದ್ದೆ ಸೀರೆ ಕಟ್ಟಿಕೊಂಡು ಕೂರುತ್ತಾಳೆ. ಕೇಳಿದರೆ 'ಹಾಕ್ಕೊಂಡೀನಪ್ಪಾ' ಅಂತಾಳೆ. ಆ ಸುಳ್ಳು ನನಗೂ ಅನುಕೂಲ, ಅದಕ್ಕೇ ಎರಡನೇ ಸಲ ಕೇಳಿಲ್ಲ.

ಥೂ, ಗುರುತಿಲ್ಲದವರ ಮುಂದೆ ಎಲ್ಲಿಗೆ ಬಂದು ನಿಂತೆ ನೋಡು. ಇರಲಿ. ಎಂಟು ಕಾಯಿ ಬಿಟ್ಟಿದೆ. ಗೊಜ್ಜು ಮಾಡಿ ಅಜ್ಜಿಗೆ ಕೊಟ್ಟೆ; ಮೂರು ಸಲ ಬಾಗಿ ನಮಸ್ಕರಿಸಿದಳು, ಬಟ್ಟಲು ಮಾತ್ರ ಇನ್ನೂ ವಾಪಸ್ ಬಂದಿಲ್ಲ.

ನಿನ್ನಿಂದ ಒಂದು ಕೆಲಸ ಆಗಬೇಕು. ಅವ್ವನ ಆ ಕಿಟಕಿಗೆ ಎರಡು ಬೊಂಬು ನೆಟ್ಟು ಬಾ. ಕುಡುಗೋಲು ಮನೆಯಲ್ಲೇ ಬಿಟ್ಟು ಹೋಗು. ನಾನು ಹೇಳಿ ಕಳಿಸಿದೆ ಅಂತ ಬಾಯಿಬಿಟ್ಟೆಯೋ, ಹೊಸಪೇಟೆ ಬಸ್ಸು ಮುಂದಿನ ವಾರ ಇಲ್ಲೇ ಬಂದು ನಿಲ್ಲುತ್ತದೆ.

ನಿನ್ನ,
ಹಾಗಲಕಾಯಿ ಮುಖದವನು